ಗಡುಸು ಮಾಂಸ ಮೆದುವಾಗುವ ಬಗೆ

ಉತ್ತರ ಅಮೆರಿಕದಲ್ಲಿ ಅಕ್ಟೋಬರ್ ತಿಂಗಳು ಬಂದು ಮರಗಳ ಎಲೆ ಉದುರತೊಡಗಿತೆಂದರೆ ಅನೇಕ ಮನೆಗಳ ಅಡುಗೆಕೋಣೆಯಲ್ಲಿ ಒಂದು ವಿದ್ಯುತ್ ಪಾತ್ರೆ ಕಪಾಟಿನಿಂದ ಹೊರಗೆ ಬರುತ್ತದೆ. ಒಳಗೆ ಮೆರುಗು ಕೊಟ್ಟು ಸುಟ್ಟ ದಪ್ಪನೆಯ ಮಣ್ಣಿನ ಗಡಿಗೆ, ಸುತ್ತಲೂ ಲೋಹದ ಹೊದಿಕೆ, ಮೇಲೆ ಗಾಜಿನ ಮುಚ್ಚಳ. ಹೊದಿಕೆಯ ಒಳಮೈಯಲ್ಲಿ ಕಾಯುವ ತಂತಿ. ಇದನ್ನು ಅಲ್ಲಿಯವರು ಸ್ಲೋ ಕುಕ್ಕರ್ ಎನ್ನುತ್ತಾರೆ. ನಿಧಾನವಾಗಿ ಬೇಯಿಸುವ ಪಾತ್ರೆ ಎಂದರ್ಥ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ದನದ ಮಾಂಸದ ತುಂಡುಗಳು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಒಂದಷ್ಟು ನೀರು ಇವನ್ನು ಅದರಲ್ಲಿ ತುಂಬಿ ಗುಂಡಿ ತಿರುಗಿಸಿ ಹೋದರಾಯಿತು. ಸಂಜೆ ಚಳಿಯಲ್ಲಿ ನಡುಗುತ್ತ ಮನೆಗೆ ಹಿಂದಿರುಗುವ ಹೊತ್ತಿಗೆ ಬಾಗಿಲಲ್ಲಿಯೇ ಕಂಪು ಎದುರುಗೊಳ್ಳುತ್ತದೆ. ಚಮಚ ತಾಗಿದರೆ ಸಾಕು, ಮಾಂಸ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸ್ಟ್ಯೂ ಎಂಬ ಈ ಗಟ್ಟಿ ಸಾರು, ಒಂದು ತುಂಡು ರೊಟ್ಟಿ, ಇಷ್ಟಿದ್ದರೆ ಅವರ ರಾತ್ರಿಯ ಊಟ ಮುಗಿಯಿತು.

ಇದಕ್ಕೆ ಹಿಡಿಯುವ ಕಾಲ ಎಂಟು ಗಂಟೆ. ಇಷ್ಟು ಹೊತ್ತು ಏಕೆ ಬೇಕು? ಉರಿಯನ್ನು ಇಮ್ಮಡಿ ಮಾಡಿದರೆ ನಾಲ್ಕು ಗಂಟೆಯಲ್ಲಿಯೂ, ನಾಲ್ಮಡಿ ಮಾಡಿದರೆ ಎರಡು ಗಂಟೆಯಲ್ಲಿಯೂ ಮುಗಿಯಬೇಡವೆ? ಈ ಸರಳ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನಾವು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ನಮ್ಮ ನಾಡಿನಲ್ಲಿ ದನದ ಮಾಂಸ ಉಣ್ಣುವವರೂ ಉಂಟು, ಮುಟ್ಟದವರೂ ಉಂಟು. ಇಲ್ಲಿ ಹೇಳುವ ವಿಷಯ ಆಡಿನ ತೊಡೆಗೂ ಕುರಿಯ ಕಾಲಿಗೂ ಅಷ್ಟೇ ಅನ್ವಯಿಸುತ್ತದೆ. ಮಾಂಸವನ್ನೇ ಉಣ್ಣದ ವಾಚಕರು ಕೂಡ ಲೇಖನದ ಕೊನೆಯ ಭಾಗವನ್ನು ಓದದೆ ಬಿಡಬಾರದೆಂದು ನಮ್ಮ ವಿನಂತಿ. ಅಲ್ಲಿ ಬರುವ ಒಂದು ಕಾಳಿನ ವಿಚಾರ ಅವರಿಗೇ ಹೆಚ್ಚು ಸಂಬಂಧಿಸಿದ್ದು.

ಮೊದಲು ಮಾಂಸವೆಂದರೆ ಏನೆಂಬುದನ್ನು ನೋಡೋಣ. ಕೊಬ್ಬಿಲ್ಲದ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಉಳಿದುದರಲ್ಲಿ ಹೆಚ್ಚಿನ ಭಾಗ ಪ್ರೋಟೀನು, ಅಂದರೆ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆದ ವಸ್ತು. ಕೂದಲಿನಂತೆ ಸಣ್ಣಗಿರುವ ಸ್ನಾಯುತಂತುಗಳು ಕಟ್ಟುಕಟ್ಟಾಗಿ ಜೋಡಿಸಿಕೊಂಡಿರುತ್ತವೆ. ಒಂದೊಂದು ಕಟ್ಟಿಗೂ ಒಂದು ತೆಳುವಾದ ಪೊರೆ, ಹಲವು ಕಟ್ಟುಗಳನ್ನು ಕೂಡಿಸಿ ಇನ್ನೊಂದು ಪೊರೆ, ಇಡೀ ಸ್ನಾಯುವಿಗೆ ಮತ್ತೊಂದು. ಕಬ್ಬಿನ ಜಲ್ಲೆಗಳನ್ನು ಕಟ್ಟಿ, ಆ ಕಟ್ಟುಗಳನ್ನು ಹೊರೆಯಾಗಿ ಬಿಗಿದಂತೆ ಎಂದು ಭಾವಿಸಬಹುದು. ಈ ಪೊರೆಗಳು ಕೊಲಾಜೆನ್ ಎಂಬ ಪ್ರೋಟೀನಿನಿಂದ ಆದವು. ಮೂರು ಅಣುಸರಪಳಿಗಳು ಒಂದನ್ನೊಂದು ಸುತ್ತಿಕೊಂಡು ಹೊಸೆದ ಹಗ್ಗದಂತಿರುವುದೇ ಕೊಲಾಜೆನ್ನಿನ ರಚನೆ. ಹಗ್ಗದ ಗುಣವೇ ಅದರ ಗುಣವೂ ಹೌದು: ಎಳೆದರೆ ಹರಿಯದು, ಅಗಿದರೆ ಮುರಿಯದು.

ಹೆಚ್ಚು ದುಡಿಯುವ ಸ್ನಾಯುವಿಗೆ ಹೆಚ್ಚು ಗಟ್ಟಿಯಾದ ಕಟ್ಟು ಬೇಕು. ದನದ ಭುಜ, ಮೊಣಕಾಲಿನ ಕೆಳಭಾಗ, ಎದೆ, ಬಾಲ ಇವು ದಿನವಿಡೀ ದೇಹದ ಭಾರ ಹೊರುವ ಇಲ್ಲವೆ ಸದಾ ಚಲಿಸುವ ಭಾಗಗಳು; ಇಲ್ಲಿ ಕೊಲಾಜೆನ್ ಹೇರಳ. ಬೆನ್ನುಮೂಳೆಯ ಒಳಪಕ್ಕದಲ್ಲಿರುವ ಸ್ನಾಯುವಿಗೆ ಅಷ್ಟು ಕೆಲಸವಿಲ್ಲ. ಅದು ಮೃದು, ಅದಕ್ಕೇ ಬೆಲೆಯೂ ಹೆಚ್ಚು. ಪ್ರಾಣಿಗೆ ವಯಸ್ಸಾದಂತೆಲ್ಲ ಕೊಲಾಜೆನ್ ಸರಪಳಿಗಳ ನಡುವೆ ಅಡ್ಡಬಂಧಗಳು ಬೆಳೆದು ಮಾಂಸ ಮತ್ತಷ್ಟು ಗಡುಸಾಗುತ್ತದೆ. ಸ್ಟ್ಯೂ ಹುಟ್ಟಿದ್ದು ಅಗ್ಗದ, ಗಡುಸಾದ ತುಂಡನ್ನು ತಿನ್ನುವಂತೆ ಮಾಡಬೇಕಾದ ಬಡವರ ಅಡುಗೆಮನೆಯಲ್ಲಿ. ಹಣವುಳ್ಳವರು ಮೃದುವಾದ ದುಬಾರಿ ತುಂಡನ್ನೇ ತಂದು ಎಂಟು ಗಂಟೆ ಬೇಯಿಸಿದರೆ ಅವರಿಗೆ ಸಿಗುವುದು ಒಣಗಿದ ನಾರು ಮಾತ್ರ! ಕಾರಣವನ್ನು ಈಗ ಹೇಳುತ್ತೇವೆ.

ಪಾತ್ರೆಯೊಳಗಿನ ಮಾಂಸದ ತುಂಡಿಗೆ ಒಂದು ಉಷ್ಣಮಾಪಕವನ್ನು ಚುಚ್ಚಿ ನೋಡುತ್ತಿದ್ದೇವೆಂದು ಭಾವಿಸೋಣ. ಉಷ್ಣತೆ ೫೦ ಡಿಗ್ರಿ ಸೆಲ್ಸಿಯಸ್ ಸಮೀಪಿಸುವಾಗ ಸ್ನಾಯುತಂತುವಿನ ಮಯೋಸಿನ್ ಎಂಬ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟತೊಡಗುತ್ತದೆ. ೬೦ ದಾಟಿದ ಮೇಲೆ ಕೆಂಪು ಬಣ್ಣ ಕಂದಿ ಬೂದುಗಂದಾಗುತ್ತದೆ. ಇದೇ ಹೊತ್ತಿಗೆ ಕೊಲಾಜೆನ್ ಪೊರೆಗಳು ಕುಗ್ಗಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಂತುಗಳನ್ನು ಹಿಂಡುತ್ತವೆ. ಒಳಗಿನ ನೀರು ಹೊರಕ್ಕೆ ಬರುತ್ತದೆ. ೭೦ರ ಆಸುಪಾಸಿನಲ್ಲಿ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಹೆಪ್ಪುಗಟ್ಟಿ ತಂತುಗಳು ಮತ್ತಷ್ಟು ಬಿಗಿಯುತ್ತವೆ. ಈ ಘಟ್ಟದಲ್ಲಿ ಒಂದು ತುಂಡನ್ನು ತೆಗೆದು ಬಾಯಿಗೆ ಹಾಕಿಕೊಂಡರೆ ಹಸಿಮಾಂಸಕ್ಕಿಂತಲೂ ಗಟ್ಟಿ ಎನ್ನಿಸುವುದು. ಅನನುಭವಿಗಳು ನಿರಾಶರಾಗುವುದು ಇಲ್ಲಿಯೇ. ಮೂರು ಗಂಟೆ ಬೆಂದರೂ ಚಪ್ಪಲಿಯ ಅಟ್ಟೆಯಂತಿದೆ, ಮಾಂಸವೇ ಸರಿಯಿಲ್ಲವೆಂದು ಅಂಗಡಿಯವನನ್ನು ಬೈಯುತ್ತಾರೆ. ಅಂಗಡಿಯವನ ತಪ್ಪೇನೂ ಇಲ್ಲ.

ಏಕೆಂದರೆ ಆಗ ಇನ್ನೊಂದು ಕ್ರಿಯೆ ತೆರೆಮರೆಯಲ್ಲಿ ಆಗತಾನೆ ಆರಂಭವಾಗಿರುತ್ತದೆ. ಬಿಸಿನೀರಿನಲ್ಲಿ ಕೊಲಾಜೆನ್ನಿನ ಮೂರೆಳೆಯ ಹುರಿ ಬಿಚ್ಚಿಕೊಳ್ಳುತ್ತದೆ. ಬಿಡಿಯಾದ ಎಳೆಗಳು ನೀರಿನಲ್ಲಿ ಕರಗುತ್ತವೆ. ಹೀಗೆ ಕರಗಿದ ವಸ್ತುವೇ ಜೆಲಾಟಿನ್. ೬೦–೬೫ ಡಿಗ್ರಿಯಲ್ಲಿ ಈ ಕ್ರಿಯೆ ಬಸವನ ಹುಳುವಿನ ವೇಗದಲ್ಲಿ ನಡೆಯುತ್ತದೆ. ೮೦ ದಾಟಿದ ಮೇಲೆ ಚುರುಕಾಗುತ್ತದೆ, ಆದರೂ ಗಂಟೆಗಳನ್ನೇ ಬೇಡುತ್ತದೆ. ತಂತುಗಳು ಬಿಗಿಯುವುದು ನಿಮಿಷಗಳ ಕೆಲಸ, ಪೊರೆ ಕರಗುವುದು ಗಂಟೆಗಳ ಕೆಲಸ. ಎರಡರ ನಡುವಿನ ಈ ಅಂತರವೇ ನಮ್ಮ ಎಂಟು ಗಂಟೆಗಳ ಗುಟ್ಟು. ಕಟ್ಟು ಕರಗಿದ ಮೇಲೆ ತಂತುಗಳು ಒಂದೊಂದಾಗಿ ಬೇರ್ಪಡುತ್ತವೆ. ಅವು ನೀರು ಕಳೆದುಕೊಂಡು ಒಣಗಿಯೇ ಇರುತ್ತವೆ. ಆದರೆ ಜೆಲಾಟಿನ್ ಮತ್ತು ಕರಗಿದ ಕೊಬ್ಬು ಅವನ್ನು ಸವರಿಕೊಂಡಿರುವುದರಿಂದ ನಾಲಗೆಗೆ ರಸಭರಿತವೆನಿಸುತ್ತದೆ. ಚೆನ್ನಾಗಿ ಬೆಂದ ಸ್ಟ್ಯೂವಿನ ಮೆದುತನದಲ್ಲಿ ಸ್ವಲ್ಪ ಮೋಸವೂ ಉಂಟೆಂದು ಇದರಿಂದ ತಿಳಿಯುತ್ತದೆ. ಮೃದುವಾದ ದುಬಾರಿ ತುಂಡಿನಲ್ಲಿ ಕೊಲಾಜೆನ್ ಕಡಮೆ. ಸವರಲು ಜೆಲಾಟಿನ್ ಇಲ್ಲ. ಆದುದರಿಂದಲೇ ಅದು ಬರಿಯ ನಾರಾಗಿಬಿಡುತ್ತದೆ.

ಇನ್ನು ಉರಿ ಹೆಚ್ಚಿಸುವ ವಿಚಾರ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿಗೆ ಕುದಿಯುತ್ತದೆ. ಸುಮಾರು ೯೨೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ೯೭ ಡಿಗ್ರಿಗೇ. ಒಮ್ಮೆ ಕುದಿ ಬಂದ ಮೇಲೆ ಎಷ್ಟು ಸೌದೆ ಒಟ್ಟಿದರೂ ನೀರಿನ ಉಷ್ಣತೆ ಏರದು. ಹೆಚ್ಚಿನ ಶಾಖವೆಲ್ಲ ಹಬೆಯಾಗಿ ಹಾರಿಹೋಗುತ್ತದೆ. ಮಾಂಸಕ್ಕೆ ತಿಳಿಯುವುದು ಸುತ್ತಣ ನೀರಿನ ಉಷ್ಣತೆ ಮಾತ್ರ. ಹೆಚ್ಚು ಉರಿಯಿಂದ ಆಗುವ ಕೆಲಸವೆಂದರೆ ತುಂಡುಗಳು ಕುಣಿದಾಡಿ ಚೂರಾಗುವುದು, ಕೊಬ್ಬು ಕದಡಿ ಸಾರು ಮಂಕಾಗುವುದು. ಉಷ್ಣತೆಯನ್ನೇ ಏರಿಸಬೇಕಾದರೆ ಒತ್ತಡವನ್ನು ಏರಿಸಬೇಕು. ಫ್ರಾನ್ಸಿನ ಡೆನಿಸ್ ಪಾಪೆ ಎಂಬಾತ ೧೬೭೯ರಲ್ಲಿ ಬಿಗಿಮುಚ್ಚಳದ ಉಕ್ಕಡಿಗೆಯನ್ನು ಮಾಡಿ, ಎಲುಬುಗಳನ್ನು ಸಹ ಮೆತ್ತಗಾಗಿಸಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದನು. ನಮ್ಮ ಮನೆಗಳ ಪ್ರೆಷರ್ ಕುಕ್ಕರ್ ಅದರ ಸಂತತಿಯೇ. ಒಳಗೆ ೧೨೦ ಡಿಗ್ರಿಯ ಹತ್ತಿರ ಇರುವುದರಿಂದ ಕೊಲಾಜೆನ್ ಒಂದು ಗಂಟೆಯೊಳಗೆ ಕರಗುತ್ತದೆ. ತಂತುಗಳೂ ಅಷ್ಟೇ ಬಿರುಸಾಗಿ ಹಿಂಡಿಹೋಗುತ್ತವೆ ಎಂಬುದನ್ನು ಮರೆಯಬಾರದು.

ಇದಕ್ಕೆ ತದ್ವಿರುದ್ಧವಾದ ದಾರಿ ಕಂಡದ್ದು ಆಕಸ್ಮಿಕವಾಗಿ. ಫಿರಂಗಿ ಕೊರೆಯುವಾಗ ಹುಟ್ಟುವ ಬಿಸಿಯನ್ನು ಕಂಡು ಶಾಖವೆಂಬುದು ಚಲನೆಯ ಒಂದು ರೂಪವೆಂದು ೧೭೯೮ರಲ್ಲಿ ವಾದಿಸಿದ ಕೌಂಟ್ ರಂಫರ್ಡ್‌ನ ಹೆಸರನ್ನು ಕಾಲೇಜು ವಿದ್ಯಾರ್ಥಿಗಳು ಕೇಳಿರಬಹುದು. ಮ್ಯೂನಿಕ್ ನಗರದಲ್ಲಿದ್ದಾಗ ಆತನು ಆಲೂಗಡ್ಡೆ ಒಣಗಿಸಲು ಮಾಡಿಸಿದ್ದ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಕುರಿಯ ಭುಜದ ಮಾಂಸ ಬೇಯುವುದೇ ನೋಡೋಣವೆಂದು ಇಟ್ಟನು. ಮೂರು ಗಂಟೆಯಾದರೂ ಬೇಯುವ ಲಕ್ಷಣ ಕಾಣಲಿಲ್ಲ. ಕಾವು ಸಾಲದೆಂದು ಬೇಸತ್ತು ಅದನ್ನು ಅಡುಗೆಯ ಹೆಂಗಸರಿಗೆ ಬಿಟ್ಟುಹೋದನು. ರಾತ್ರಿ ಅಲ್ಲಿಯೇ ಇದ್ದರೆ ಕೆಡದೆಂದು ಅವರು ಅದನ್ನು ಪೆಟ್ಟಿಗೆಯಲ್ಲಿಯೇ ಉಳಿಸಿದರು. ಬೆಳಗ್ಗೆ ತೆಗೆದು ನೋಡಿದರೆ ಮಾಂಸ ಬೆಂದದ್ದು ಮಾತ್ರವಲ್ಲ, ಅಸಾಧಾರಣವಾಗಿ ಮೃದುವಾಗಿತ್ತು! ೧೯೬೯ರಲ್ಲಿ ನಿಕೋಲಸ್ ಕುರ್ಟಿ ಎಂಬ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡುಗೆಮನೆಯ ಭೌತಶಾಸ್ತ್ರವನ್ನು ಕುರಿತು ಉಪನ್ಯಾಸ ಕೊಟ್ಟಾಗ ರಂಫರ್ಡನ ಈ ವಿಧಾನವನ್ನು ಪುನಃ ಮಾಡಿ ತೋರಿಸಿದನು. ಕುರ್ಟಿಯ ನಿತ್ಯದ ಸಂಶೋಧನೆ ನಿರಪೇಕ್ಷ ಶೂನ್ಯದ ತೀರ ಸಮೀಪದ ಶೀತವನ್ನು ಕುರಿತದ್ದು ಎಂಬುದು ಒಂದು ಸೊಗಸು.

ವಿದ್ಯುತ್ ಪಾತ್ರೆಯ ಕಥೆಯೂ ತಾಳ್ಮೆಯ ಅಡುಗೆಯೊಂದರಿಂದಲೇ ಹುಟ್ಟಿದ್ದು. ಯೆಹೂದ್ಯರಿಗೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್ ದಿನ. ಆಗ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಆದುದರಿಂದ ಪೂರ್ವ ಯೂರೋಪಿನ ಯೆಹೂದ್ಯ ಹೆಂಗಸರು ಶುಕ್ರವಾರ ಸಂಜೆಯೇ ಮಾಂಸ, ಕಾಳು, ಆಲೂಗಡ್ಡೆಗಳ ಗಡಿಗೆಯನ್ನು ಊರ ಬೇಕರಿಗೆ ಒಯ್ದು ಆರುತ್ತಿರುವ ಒಲೆಯಲ್ಲಿಟ್ಟು ಮರುದಿನ ತರುತ್ತಿದ್ದರು. ಈ ಅಡುಗೆಗೆ ಚೋಲಂಟ್ ಎಂದು ಹೆಸರು. ಲಿಥುವೇನಿಯದ ವಿಲ್ನಾ ಪಟ್ಟಣದ ಈ ಪದ್ಧತಿಯನ್ನು ತಾಯಿಯಿಂದ ಕೇಳಿ ತಿಳಿದಿದ್ದ ಶಿಕಾಗೋ ನಗರದ ಇರ್ವಿಂಗ್ ನ್ಯಾಕ್ಸನ್ ಎಂಬ ಯಂತ್ರಶಿಲ್ಪಿ, ಗಡಿಗೆಯ ಸುತ್ತಲೇ ಕಾಯುವ ತಂತಿಯನ್ನು ಸುತ್ತಿ ಒಂದು ಪಾತ್ರೆಯನ್ನು ರಚಿಸಿದನು. ಅದಕ್ಕೆ ೧೯೪೦ರಲ್ಲಿ ಪೇಟೆಂಟ್ ದೊರೆಯಿತು. ೧೯೭೦ರಲ್ಲಿ ಅವನ ಉದ್ಯಮವನ್ನು ರೈವಲ್ ಎಂಬ ಕಂಪನಿ ಕೊಂಡುಕೊಂಡಿತು. ಮರುವರ್ಷವೇ ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಿಂದ ಪಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಏರುತ್ತಿದ್ದ ಕಾಲ ಅದು. ಪಾತ್ರೆ ಮನೆಮನೆಗೂ ಹೊಕ್ಕಿತು.

ಈ ಪಾತ್ರೆಯ ಶಕ್ತಿ ಸುಮಾರು ೨೦೦ ವ್ಯಾಟ್ ಎಂದಿಟ್ಟುಕೊಳ್ಳೋಣ. ಒಂದು ಇಸ್ತ್ರಿಪೆಟ್ಟಿಗೆಯ ಶಕ್ತಿಯ ಐದನೆಯ ಒಂದು ಭಾಗವೋ ಏನೋ! ೩ ಕಿಲೋಗ್ರಾಂ ಸ್ಟ್ಯೂವನ್ನು ನೀರಿಗೆ ಸಮವೆಂದು ಭಾವಿಸಿ ೨೦ ಡಿಗ್ರಿಯಿಂದ ೯೫ಕ್ಕೆ ಏರಿಸಲು ಬೇಕಾದ ಶಾಖ ೩ × ೪೨೦೦ × ೭೫, ಎಂದರೆ ೯,೪೫,೦೦೦ ಜೂಲ್. ಇದನ್ನು ೨೦೦ರಿಂದ ಭಾಗಿಸಿದರೆ ೪,೭೨೫ ಸೆಕೆಂಡು, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಕಡಮೆ. ವಾಸ್ತವದಲ್ಲಿ ಇದರ ಎರಡು ಮೂರು ಪಟ್ಟು ಕಾಲ ಹಿಡಿಯುತ್ತದೆ. ಪಾತ್ರೆ ಬಿಸಿಯಾದಂತೆಲ್ಲ ಅದರ ಮೈಯಿಂದ ಕೋಣೆಗೆ ಸೋರುವ ಶಾಖವೂ ಹೆಚ್ಚುತ್ತದೆಯಷ್ಟೆ. ಒಳಬರುವ ಶಾಖವೂ ಸೋರುವ ಶಾಖವೂ ಸಮನಾದಾಗ ಉಷ್ಣತೆ ನಿಲ್ಲುತ್ತದೆ. ಆ ನೆಲೆ ಕುದಿಯುವ ಬಿಂದುವಿಗೆ ತುಸು ಕೆಳಗೇ ಬರುವಂತೆ ಪಾತ್ರೆಯನ್ನು ಲೆಕ್ಕಹಾಕಿ ಮಾಡಿರುತ್ತಾರೆ. ಗುಂಡಿಯ ಮೇಲೆ 'ಕಡಮೆ', 'ಹೆಚ್ಚು' ಎಂಬ ಎರಡು ಗುರುತುಗಳಿದ್ದರೂ ಬಹುತೇಕ ಪಾತ್ರೆಗಳಲ್ಲಿ ಕಡೆಗೆ ಮುಟ್ಟುವ ಉಷ್ಣತೆ ಹೆಚ್ಚುಕಡಮೆ ಒಂದೇ; ಮುಟ್ಟಲು ಹಿಡಿಯುವ ಹೊತ್ತು ಮಾತ್ರ ಬೇರೆ.

ಮುಚ್ಚಳದ ಒಳಮೈಯಲ್ಲಿ ಹಬೆ ತಣಿದು ಹನಿಯಾಗಿ ಪುನಃ ಒಳಗೇ ಬೀಳುತ್ತದೆ. ಮುಚ್ಚಳ ತೆಗೆದರೆ ಆ ಹಬೆ ತನ್ನ ಗುಪ್ತಶಾಖದೊಡನೆ ಹೊರಗೆ ಹೋಗುತ್ತದೆ. ಇಷ್ಟು ದುರ್ಬಲವಾದ ತಂತಿ ಆ ನಷ್ಟವನ್ನು ತುಂಬಲು ಇಪ್ಪತ್ತು ಮೂವತ್ತು ನಿಮಿಷ ಹೆಣಗಬೇಕು. ನಾವು ಮೊದಲ ಸಲ ಈ ಪಾತ್ರೆಯನ್ನು ಬಳಸಿದಾಗ ವಿಜ್ಞಾನದ ಕುತೂಹಲವೆಂಬ ನೆಪದಲ್ಲಿ ಗಂಟೆಗೊಮ್ಮೆ ಮುಚ್ಚಳ ತೆಗೆದು ಇಣುಕಿದೆವು. ರಾತ್ರಿ ಒಂಬತ್ತಕ್ಕೂ ಮಾಂಸ ಬೇಯದೆ, ಬರಿ ರೊಟ್ಟಿ ತಿಂದು ಮಲಗಬೇಕಾಯಿತು.

ಮಾಡುವ ಕ್ರಮ ಸುಲಭ. ಭುಜದ ಮಾಂಸ ೧ ಕಿಲೋಗ್ರಾಂ ತೆಗೆದುಕೊಂಡು ೪ ಸೆಂಟಿಮೀಟರ್ ಅಳತೆಯ ತುಂಡುಗಳಾಗಿ ಹೆಚ್ಚಿ, ನೀರು ಒರೆಸಿ, ಉಪ್ಪು, ಮೆಣಸಿನ ಪುಡಿ, ಎರಡು ದೊಡ್ಡ ಚಮಚ ಮೈದಾ ಹಿಟ್ಟನ್ನು ಸವರಬೇಕು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಒಂದರ ಮೇಲೊಂದು ಬೀಳದಂತೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಕಂದು ಬಣ್ಣ ಬರುವವರೆಗೆ ಬಾಡಿಸಬೇಕು. ಹೀಗೆ ಬಾಡಿಸಿದರೆ ಮಾಂಸದ ರಂಧ್ರಗಳು ಮುಚ್ಚಿ ರಸ ಒಳಗೇ ಉಳಿಯುತ್ತದೆಂದು ಜರ್ಮನಿಯ ಮಹಾ ರಸಾಯನಶಾಸ್ತ್ರಜ್ಞ ಲೀಬಿಗ್ ೧೯ನೆಯ ಶತಮಾನದ ನಡುವಿನಲ್ಲಿ ಹೇಳಿದನು. ಅಡುಗೆಪುಸ್ತಕಗಳು ಅದನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಇದು ನಿಜವಲ್ಲ. ಬಾಡಿಸಿದ ತುಂಡನ್ನು ತಟ್ಟೆಯಲ್ಲಿಟ್ಟು ಐದು ನಿಮಿಷ ಬಿಟ್ಟು ನೋಡಿರಿ, ಸುತ್ತಲೂ ರಸ ಮಡುಗಟ್ಟಿರುತ್ತದೆ. ಬಾಡಿಸುವುದರ ನಿಜವಾದ ಲಾಭ ಬೇರೆ. ಸುಮಾರು ೧೪೦ ಡಿಗ್ರಿ ಮೀರಿದ ಮೇಲೆ ಅಮೈನೊ ಆಮ್ಲಗಳೂ ಸಕ್ಕರೆಗಳೂ ಬೇಗಬೇಗನೆ ಕೂಡಿಕೊಂಡು ಕಂದುಬಣ್ಣದ, ಪರಿಮಳದ ನೂರಾರು ವಸ್ತುಗಳನ್ನು ಕೊಡುತ್ತವೆ. ಇದನ್ನು ಫ್ರಾನ್ಸಿನ ಮೇಯಾರ್ ೧೯೧೨ರಲ್ಲಿ ವಿವರಿಸಿದನು. ನೀರಿರುವ ಪಾತ್ರೆ ೧೦೦ನ್ನು ದಾಟದಾದುದರಿಂದ ಈ ಪರಿಮಳವನ್ನು ಬಾಣಲೆಯಲ್ಲಿಯೇ ಸಂಪಾದಿಸಿಕೊಳ್ಳತಕ್ಕದ್ದು. ಬಾಣಲೆಯ ತಳಕ್ಕೆ ಹಿಡಿದದ್ದನ್ನು ಬಿಸಿನೀರು ಹಾಕಿ ಕೆದಕಿ ಅದನ್ನೂ ಪಾತ್ರೆಗೆ ಸೇರಿಸಬೇಕು.

ನಾಲ್ಕು ಆಲೂಗಡ್ಡೆ, ಮೂರು ಕ್ಯಾರೆಟ್, ಎರಡು ಈರುಳ್ಳಿ, ಕೆಲವು ಎಸಳು ಬೆಳ್ಳುಳ್ಳಿ ಇವನ್ನು ತಳದಲ್ಲಿ ಹರಡಿ ಮಾಂಸವನ್ನು ಮೇಲೆ ಹಾಕುವುದು. ಮಾಂಸ ಕೆಳಗೆ, ತರಕಾರಿ ಮೇಲೆ ಎಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ತರಕಾರಿಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗಲು ಕುದಿಗೆ ಹತ್ತಿರದ ಬಿಸಿಯೇ ಬೇಕಾಗಿರುವುದರಿಂದ ಈ ಪಾತ್ರೆಯಲ್ಲಿ ಕ್ಯಾರೆಟ್ ಮಾಂಸಕ್ಕಿಂತ ಹಠಮಾರಿ. ಟೊಮೇಟೊ ಹಾಕುವುದಾದರೆ ಕೊನೆಯ ಗಂಟೆಯಲ್ಲಿ ಹಾಕಬೇಕು. ಹುಳಿ ಪೆಕ್ಟಿನ್ನನ್ನು ಮತ್ತಷ್ಟು ಗಟ್ಟಿಯಾಗಿ ಹಿಡಿದಿಡುತ್ತದೆ. ಹುಣಿಸೆಹುಳಿ ಮೊದಲೇ ಹಾಕಿದರೆ ತರಕಾರಿ ಬೇಯದೆಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಮಾತು. ನೀರು ಅರ್ಧ ಲೀಟರಿಗಿಂತ ಹೆಚ್ಚು ಬೇಡ. ಹಬೆ ಹೋಗುವುದಿಲ್ಲ, ಮಾಂಸವೂ ರಸ ಬಿಡುತ್ತದೆ. 'ಕಡಮೆ' ಗುರುತಿನಲ್ಲಿ ಎಂಟು ಗಂಟೆ, 'ಹೆಚ್ಚು' ಗುರುತಿನಲ್ಲಿ ನಾಲ್ಕೈದು ಗಂಟೆ.

ಇನ್ನು ಎಚ್ಚರಿಕೆಯ ಮಾತು. ಉಷ್ಣತೆ ನಿಧಾನವಾಗಿ ಏರುವಾಗ ಮಾಂಸದಲ್ಲಿಯೇ ಇರುವ ಕೆಲವು ಕಿಣ್ವಗಳು ಚುರುಕುಗೊಂಡು ತಂತುಗಳನ್ನು ತುಸು ಸಡಿಲಿಸುತ್ತವೆ, ಇದು ಲಾಭ. ಆದರೆ ೫ರಿಂದ ೬೦ ಡಿಗ್ರಿಯವರೆಗಿನ ಇದೇ ವಲಯ ಏಕಾಣುಜೀವಿಗಳಿಗೂ ಹಬ್ಬದ ಊಟ. ಆದುದರಿಂದ ಮಂಜುಗಟ್ಟಿದ ಮಾಂಸವನ್ನು ಹಾಗೆಯೇ ಪಾತ್ರೆಗೆ ಹಾಕಕೂಡದು. ೨೦೦ ವ್ಯಾಟ್ ತಂತಿ ಅದನ್ನು ಕರಗಿಸಿ ಆ ವಲಯವನ್ನು ದಾಟಿಸುವಷ್ಟರಲ್ಲಿ ಬಹಳ ಹೊತ್ತು ಕಳೆದಿರುತ್ತದೆ. ಶೀತಪೆಟ್ಟಿಗೆಯಲ್ಲಿಟ್ಟು ಪೂರ್ತಿ ಕರಗಿಸಿಕೊಂಡೇ ಉಪಯೋಗಿಸಬೇಕು. ಬೆಂದ ಮೇಲೂ ಅಪಾಯ ಮುಗಿಯಲಿಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಏಕಾಣುಜೀವಿಯ ಬೀಜಕಗಳು ಕುದಿಯನ್ನೂ ತಡೆದುಕೊಂಡು ಬದುಕಿರುತ್ತವೆ. ದೊಡ್ಡ ಗಡಿಗೆ ಮೇಜಿನ ಮೇಲೆ ಮೆಲ್ಲಮೆಲ್ಲನೆ ಆರುತ್ತಿರುವಾಗ ೪೫ ಡಿಗ್ರಿಯ ಸುತ್ತಮುತ್ತ ಅವು ಮೊಳೆತು, ಅನುಕೂಲ ಪರಿಸ್ಥಿತಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಮೂರು ಗಂಟೆಯಲ್ಲಿ ೧೮ ಸಲ ಇಮ್ಮಡಿ. ಒಂದು ಜೀವಿ ೨,೬೨,೧೪೪ ಆಗುತ್ತದೆ. ನೂರರಿಂದ ಆರಂಭಿಸಿದರೆ ಎರಡೂವರೆ ಕೋಟಿಗೂ ಮೇಲೆ. ಮಿಕ್ಕ ಸ್ಟ್ಯೂವನ್ನು ಎರಡು ಗಂಟೆಯೊಳಗೆ ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಶೀತಪೆಟ್ಟಿಗೆಗೆ ಸೇರಿಸಬೇಕೆನ್ನುವುದು ಇದಕ್ಕೇ. ಮರುದಿನ ಬಿಸಿಮಾಡುವಾಗಲೂ ಒಲೆಯ ಮೇಲೆ ಚೆನ್ನಾಗಿ ಕುದಿಸಬೇಕೇ ಹೊರತು ನಿಧಾನದ ಪಾತ್ರೆಯಲ್ಲಿ ಅಲ್ಲ.

ಈಗ ಆ ಕಾಳಿನ ವಿಚಾರ. ಚೋಲಂಟಿನಂತೆ ಹಲವು ಸ್ಟ್ಯೂಗಳಲ್ಲಿ ಕಾಳೂ ಇರುತ್ತದೆ. ವ್ಯಾಸಂಗಕ್ಕೆಂದು ಹೊರದೇಶಕ್ಕೆ ಹೋದ ನಮ್ಮ ತರುಣರು ಈ ಪಾತ್ರೆಯನ್ನು ಕೊಂಡರೆ ಅದರಲ್ಲಿ ಬೇಯಿಸಹೊರಡುವುದು ಹೆಚ್ಚಾಗಿ ರಾಜ್ಮಾ ಕಾಳನ್ನೇ. ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಪ್ರೋಟೀನು ಇದೆ. ಪೂರ್ತಿ ಕುದಿಸಿದರೆ ಅದು ನಾಶವಾಗುತ್ತದೆ. ಆದರೆ ೮೦ ಡಿಗ್ರಿಯವರೆಗೆ ಮಾತ್ರ ಬಿಸಿಯಾದ ಕಾಳಿನ ವಿಷ ಹಸಿಕಾಳಿನದಕ್ಕಿಂತ ಐದರಷ್ಟು ಹೆಚ್ಚಾಗಬಹುದು. ಹಸಿಯಾದ ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ತೀವ್ರವಾದ ವಾಂತಿ, ಅನಂತರ ಭೇದಿ. ಬ್ರಿಟನ್ನಿನಲ್ಲಿ ೧೯೭೬ರಲ್ಲಿ ರಜೆಗೆ ಹೋಗಿದ್ದ ಶಾಲಾಬಾಲಕರು ನೆನೆಸಿದ ಕಾಳನ್ನು ಬೇಯಿಸದೆ ತಿಂದು ಕಾಯಿಲೆ ಬಿದ್ದ ಮೇಲೆಯೇ ಈ ವಿಷಯ ಅಲ್ಲಿನ ವೈದ್ಯರ ಗಮನಕ್ಕೆ ಬಂದದ್ದು. ಕಾಳು ಮೆತ್ತಗಾಗಿದೆಯೆಂಬುದು ವಿಷ ಹೋಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ರಾಜ್ಮಾವನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತನೆ ಕುದಿಸಿದ ಮೇಲೆಯೇ ನಿಧಾನದ ಪಾತ್ರೆಗೆ ಹಾಕತಕ್ಕದ್ದು. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವ ನಮ್ಮ ತಾಯಂದಿರಿಗೆ ಈ ಭಯವಿಲ್ಲ.

ಶೀತಪೆಟ್ಟಿಗೆಯಲ್ಲಿ ರಾತ್ರಿ ಕಳೆದ ಸ್ಟ್ಯೂವನ್ನು ಬೆಳಗ್ಗೆ ನೋಡಿದರೆ ಕೊಬ್ಬು ಬೆಳ್ಳಗೆ ಮೇಲೆ ಹೆಪ್ಪುಗಟ್ಟಿರುತ್ತದೆ. ಬೇಡವಾದರೆ ಚಮಚದಿಂದ ಎತ್ತಿಹಾಕಬಹುದು. ಅದರ ಕೆಳಗಿನ ಸಾರು ನೀರಾಗಿರದೆ ಅಲುಗಿಸಿದರೆ ನಡುಗುವ ಮುದ್ದೆಯಾಗಿರುತ್ತದೆ. ಕರಗಿದ ಜೆಲಾಟಿನ್ ಎಳೆಗಳು ತಣ್ಣಗಾದಾಗ ಅಲ್ಲಲ್ಲಿ ಪುನಃ ಹೆಣೆದುಕೊಂಡು ನೀರನ್ನು ಬಲೆಯಲ್ಲಿ ಹಿಡಿದಂತೆ ಹಿಡಿಯುವುದೇ ಇದಕ್ಕೆ ಕಾರಣ. ಈ ಮುದ್ದೆ ನಮ್ಮ ದೇಹದ ಉಷ್ಣತೆಗೇ ಕರಗುವುದರಿಂದ ಬಾಯಲ್ಲಿಟ್ಟೊಡನೆ ನೀರಾಗುತ್ತದೆ. ದನದ ಮಾಂಸವೂ ವಿದ್ಯುತ್ ಪಾತ್ರೆಯೂ ಇಲ್ಲದ ವಾಚಕರು ಇದನ್ನು ನೋಡಬಯಸಿದರೆ, ಮನೆಯಲ್ಲಿ ಕಾಲು ಸೂಪು ಮಾಡಿದ ದಿನ ಒಂದು ಲೋಟದಷ್ಟನ್ನು ಸೋಸಿ ಶೀತಪೆಟ್ಟಿಗೆಯಲ್ಲಿಟ್ಟು, ಮರುದಿನ ಲೋಟವನ್ನು ಓರೆಮಾಡಿ ನೋಡಬಹುದು.